ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ: ಎಷ್ಟು ವರ್ಷ ಎಂಬ ಲೆಕ್ಕವನ್ನು ಓದುವುದು ಹೇಗೆ?

ಪ್ರಶ್ನೆ
ನಮಸ್ಕಾರ ಡಾಕ್ಟ್ರೇ. ನಮ್ಮಮ್ಮನಿಗೆ 58 ವರ್ಷ. ಎಂಟು ವರ್ಷದ ಹಿಂದೆ ಎಡ ಸ್ತನಕ್ಕೆ ಆಪರೇಷನ್, ಕಿಮೋ, ರೇಡಿಯೇಷನ್ ಆಗಿತ್ತು. ಆಮೇಲೆ ಐದು ವರ್ಷ ಲೆಟ್ರೋಜೋಲ್ ಅನ್ನೋ ಹಾರ್ಮೋನ್ ತಡೆಯೋ ಮಾತ್ರೆ ತಗೊಂಡು ನಿಲ್ಲಿಸಿದ್ರು. ಈಗ ಸೊಂಟನೋವು ಅಂತ ತೋರಿಸಿದಾಗ ಪೆಟ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಎರಡು ಕಡೆ, ಸೊಂಟದ ಮೂಳೆ, ಬಲ ತೊಡೆಮೂಳೆಯ ಮೇಲ್ಭಾಗಕ್ಕೆ ಹರಡಿದೆ ಅಂತ ಬಂದಿದೆ. ಲಿವರ್, ಶ್ವಾಸಕೋಶದಲ್ಲಿ ಏನೂ ಇಲ್ಲ. ಹಳೇ ರಿಪೋರ್ಟಲ್ಲಿ ಇಆರ್, ಪಿಆರ್ ಪಾಸಿಟಿವ್, ಹರ್2 ನೆಗೆಟಿವ್. ನಾಲ್ಕನೇ ಸ್ಟೇಜ್ ಅಂದ್ರು. ಇಂಟರ್ನೆಟ್ಟಲ್ಲಿ ಒಂದು ಕಡೆ ಎರಡು ವರ್ಷ, ಇನ್ನೊಂದು ಕಡೆ ಐದು ವರ್ಷ ಅಂತಿದೆ. ಯಾವುದನ್ನ ನಂಬೋದು?

ಉತ್ತರ: ಮೆಡಿಕಲ್ ಆಂಕಾಲಜಿಸ್ಟ್
ಎರಡೂ ಸುಳ್ಳಲ್ಲಮ್ಮ, ಆದರೆ ಅವು ಬೇರೆ ಬೇರೆ ಕಾಯಿಲೆಗಳ ಲೆಕ್ಕ. ಇಆರ್, ಪಿಆರ್ ಎಂದರೆ ಕ್ಯಾನ್ಸರ್ ಕೋಶದಲ್ಲಿರುವ ಹಾರ್ಮೋನ್ ರಿಸೆಪ್ಟರ್‌ಗಳು, ಹರ್2 ಕೋಶವನ್ನು ಬೆಳೆಸುವ ಒಂದು ಪ್ರೋಟೀನ್; ಮೂರೂ ಇಲ್ಲದ್ದು ಟ್ರಿಪಲ್ ನೆಗೆಟಿವ್. ಇಆರ್ ಪಾಸಿಟಿವ್, ಹರ್2 ಪಾಸಿಟಿವ್, ಟ್ರಿಪಲ್ ನೆಗೆಟಿವ್ ಎಲ್ಲವನ್ನೂ ಕಲಸಿ ಸರಾಸರಿ ತೆಗೆದರೆ ಆ ಸಂಖ್ಯೆ ಯಾರಿಗೂ ಹೊಂದುವುದಿಲ್ಲ. ಹಳೆಯ ಲೆಕ್ಕಗಳಲ್ಲಿ ಈಗಿನ ಔಷಧಿಗಳೂ ಇಲ್ಲ.

ನೇರವಾಗಿ ಹೇಳಬೇಕಾದದ್ದು: ಮೂಳೆಗೆ ಬಂದ ಮೇಲೆ ಪೂರ್ತಿ ವಾಸಿಯಾಗುವುದು ತೀರಾ ಅಪರೂಪ. ಹಿಡಿತದಲ್ಲಿ ಇಡಬಹುದು, ಅನೇಕರಲ್ಲಿ ಹಲವು ವರ್ಷ. ನಿಮ್ಮ ತಾಯಿಯ ವಿವರದಲ್ಲಿ ಒಳ್ಳೆಯ ಸೂಚನೆಗಳು ಮೂರಿವೆ. ಹರಡಿರುವುದು ಮೂಳೆಗೆ ಮಾತ್ರ; ಲಿವರ್ ಅಥವಾ ಮೆದುಳಿಗೆ ಹೋಗಿದ್ದರೆ ಲೆಕ್ಕವೇ ಬೇರೆ. ಕಾಯಿಲೆ ಹಾರ್ಮೋನ್ ಅವಲಂಬಿತ. ಮಾತ್ರೆ ತೆಗೆದುಕೊಳ್ಳುತ್ತಿದ್ದಾಗಲೇ ಮರಳಿ ಬಂದಿಲ್ಲ, ನಿಲ್ಲಿಸಿ ಎರಡು–ಮೂರು ವರ್ಷವಾದ ಮೇಲೆ ಬಂದಿದೆ. ಅಂದರೆ ಹಾರ್ಮೋನ್ ಚಿಕಿತ್ಸೆ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ.

ಇಂಥವರ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಮೊನಾಲೀಸಾ-2 ಒಂದು. ರೈಬೋಸೈಕ್ಲಿಬ್ (ಕ್ಯಾನ್ಸರ್ ಕೋಶ ಒಡೆದು ಹೆಚ್ಚುವುದನ್ನು ತಡೆಯುವ ಮಾತ್ರೆ) ಮತ್ತು ಲೆಟ್ರೋಜೋಲ್ ಎರಡನ್ನೂ ಪಡೆದವರ ಮೀಡಿಯನ್ ಬದುಕು ಸುಮಾರು 64 ತಿಂಗಳು, ಲೆಟ್ರೋಜೋಲ್ ಒಂದನ್ನೇ ಪಡೆದವರದು 51 ತಿಂಗಳು. ಮೀಡಿಯನ್ ಎಂದರೆ ಗಡುವಲ್ಲ. ನೂರು ಜನರಲ್ಲಿ ಐವತ್ತನೆಯವರು ತೀರಿಕೊಂಡ ಹೊತ್ತು ಅದು. ಉಳಿದ ಐವತ್ತು ಜನ ಆಗ ಬದುಕಿದ್ದಾರೆ. ಅದೇ ಅಧ್ಯಯನದಲ್ಲಿ ಆರು ವರ್ಷ ತುಂಬಿದಾಗಲೂ ರೈಬೋಸೈಕ್ಲಿಬ್ ಗುಂಪಿನ ಶೇ. 44ರಷ್ಟು ಮಂದಿ ಇದ್ದರು.

ಅದಕ್ಕೇ ಡಾಕ್ಟರ ಹತ್ತಿರ ಒಂದು ಸಂಖ್ಯೆ ಕೇಳಬೇಡಿ, ಮೂರು ಕೇಳಿ: ಕೆಟ್ಟರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಚೆನ್ನಾಗಿ ಹೋದರೆ ಎಷ್ಟು. ಸ್ಥೂಲ ಅಂದಾಜಿಗೆ ಒಂದು ದಾರಿ ಇದೆ. ಹತ್ತರಲ್ಲಿ ಒಬ್ಬರಿಗೆ ಮೀಡಿಯನ್‌ನ ಕಾಲು ಭಾಗಕ್ಕಿಂತ ಕಡಿಮೆ ಸಿಗುತ್ತದೆ. ಅರ್ಧದಷ್ಟು ಜನ ಮೀಡಿಯನ್‌ನ ಅರ್ಧ ಮತ್ತು ಎರಡರಷ್ಟರ ನಡುವೆ ಬರುತ್ತಾರೆ. 64 ತಿಂಗಳಿಗೆ ಇದನ್ನು ಹಾಕಿದರೆ ಕೆಟ್ಟ ತುದಿ ಒಂದು ವರ್ಷ ನಾಲ್ಕು ತಿಂಗಳು, ನಡುವಿನ ಹರವು ಎರಡು ವರ್ಷ ಎಂಟು ತಿಂಗಳಿಂದ ಹತ್ತು ವರ್ಷ ಎಂಟು ತಿಂಗಳವರೆಗೆ. ಅಧ್ಯಯನಕ್ಕೆ ಸೇರುವವರು ಓಡಾಡಿಕೊಂಡಿರುವ, ಬೇರೆ ದೊಡ್ಡ ಕಾಯಿಲೆ ಇಲ್ಲದವರು ಎಂಬುದನ್ನು ಮರೆಯದೆ ಈ ಲೆಕ್ಕ ಓದಿ. ತಾಯಿ ಹಾಸಿಗೆ ಹಿಡಿದಿದ್ದರೆ ಅಷ್ಟನ್ನೇ ನಿರೀಕ್ಷಿಸಲಾಗದು.

ಒಂದು ಕೆಲಸ ಬಾಕಿ ಇದೆ: ಬಯಾಪ್ಸಿ, ಅಂದರೆ ಹರಡಿದ ಜಾಗದಿಂದ ತುಣುಕು ತೆಗೆದು ಪರೀಕ್ಷಿಸುವುದು. ಎಂಟು ವರ್ಷದಲ್ಲಿ ಇಆರ್, ಹರ್2 ಬದಲಾಗಿರಬಹುದು. ಬದಲಾಗಿದ್ದರೆ ಮೇಲಿನ ಲೆಕ್ಕವೂ ಬದಲಾಗುತ್ತದೆ, ಔಷಧಿಯೂ. ಮೂಳೆ ತುಣುಕನ್ನು ಮೆತ್ತಗೆ ಮಾಡಲು ಲ್ಯಾಬ್‌ನಲ್ಲಿ ಬಲವಾದ ಆಸಿಡ್ ಬಳಸಿದರೆ ಇಆರ್ ಸುಳ್ಳು ನೆಗೆಟಿವ್ ಬರಬಹುದು, ಹರ್2ಗೆ ಮಾಡುವ ಫಿಶ್ ಪರೀಕ್ಷೆ ಕೆಟ್ಟುಹೋಗಬಹುದು. "ರಿಸೆಪ್ಟರ್ ಪರೀಕ್ಷೆ ಬೇಕು, ಇಡಿಟಿಎಯಲ್ಲಿ ಮಾಡಿ" ಎಂದು ಫಾರ್ಮ್‌ನಲ್ಲೇ ಬರೆಸಿ. ಇಡಿಟಿಎ ಎಂದರೆ ಮೂಳೆಯನ್ನು ಮೆತ್ತಗೆ ಮಾಡುವ ಸೌಮ್ಯ ರಾಸಾಯನಿಕ.

ಪ್ರಶ್ನೆ (ಅವರದೇ)
ಪಾಲ್ಬೋಸೈಕ್ಲಿಬ್ ಬರೆದಿದ್ದಾರೆ, ರೈಬೋಸೈಕ್ಲಿಬ್ ಅಲ್ಲ. ಇನ್ನೊಂದು ತುಂಬಾ ದುಬಾರಿ ಅಂದ್ರು. ಜಮೀನು ಮಾರಿಯಾದ್ರೂ ಅದನ್ನೇ ಕೊಡಿಸಬೇಕಾ?

ಉತ್ತರ: ಮೆಡಿಕಲ್ ಆಂಕಾಲಜಿಸ್ಟ್
ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಎರಡೂ ಒಂದೇ ಬಗೆಯ ಮಾತ್ರೆಗಳು. ಆಯಸ್ಸು ಹೆಚ್ಚಿಸುವ ವಿಷಯದಲ್ಲಿ ರೈಬೋಸೈಕ್ಲಿಬ್‌ಗೆ ಸಾಕ್ಷ್ಯ ಗಟ್ಟಿ, ನಿಜ. ಪಾಲ್ಬೋಸೈಕ್ಲಿಬ್ ಮೊದಲ ಹಂತದ ಚಿಕಿತ್ಸೆಯಲ್ಲಿ ಕಾಯಿಲೆಯನ್ನು ಹಿಡಿದಿಡುವ ಅವಧಿಯನ್ನು ಸುಮಾರು 14ರಿಂದ 25 ತಿಂಗಳಿಗೆ ಏರಿಸಿತು, ಆದರೆ ಒಟ್ಟು ಆಯಸ್ಸಿನಲ್ಲಿ ಖಚಿತ ವ್ಯತ್ಯಾಸ ತೋರಲಿಲ್ಲ. 2023ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಅದರ ಜೆನರಿಕ್ ಮಾತ್ರೆಗಳು ಬಂದು ಬೆಲೆ ಬಹಳ ಇಳಿಯಿತು. ಬರೀ ಲೆಟ್ರೋಜೋಲ್‌ನಿಂದ ಶುರುಮಾಡಿದವರ ಲೆಕ್ಕವೂ 51 ತಿಂಗಳು ಎಂಬುದನ್ನು ಮತ್ತೊಮ್ಮೆ ನೋಡಿ. ಮುಂದಿನ ಹಂತಗಳ ಔಷಧಿಗೂ, ಸ್ಕ್ಯಾನ್‌ಗೂ, ಓಡಾಟಕ್ಕೂ ಹಣ ಬೇಕಾಗುತ್ತದೆ.

ಪಾಲ್ಬೋಸೈಕ್ಲಿಬ್ 125 ಮಿಲಿಗ್ರಾಂ 21 ದಿನ ತೆಗೆದುಕೊಂಡು 7 ದಿನ ಬಿಡಬೇಕು; ಲೆಟ್ರೋಜೋಲ್ ಬಿಡದೆ ದಿನವೂ. ಇಂಥ 28 ದಿನ ಒಂದು ಸುತ್ತು; ಮೊದಲ ಎರಡು ಸುತ್ತಿನಲ್ಲಿ ಹದಿನೈದು ದಿನಕ್ಕೊಮ್ಮೆ ರಕ್ತದ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) ಇಳಿದರೆ ಡಾಕ್ಟರು ಕೆಲವು ದಿನ ನಿಲ್ಲಿಸಿ ಡೋಸ್ ತಗ್ಗಿಸುತ್ತಾರೆ, ಅದರಿಂದ ಗಾಬರಿಯಾಗಬೇಡಿ. ಜ್ವರ ಬಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ.

ಉತ್ತರ: ರೇಡಿಯೇಷನ್ ಆಂಕಾಲಜಿಸ್ಟ್
ವರ್ಷಗಳ ಲೆಕ್ಕಕ್ಕಿಂತ ಈ ವಾರ ನನಗೆ ಚಿಂತೆಯಿರುವುದು ಆ ತೊಡೆಮೂಳೆ. ಮೂಳೆಗೆ ಹರಡಿದ್ದರಿಂದಲೇ ಜೀವ ಹೋಗುವುದು ಕಡಿಮೆ. ಮೂಳೆ ಮುರಿದು ಹಾಸಿಗೆ ಹಿಡಿದರೆ ಮಾತ್ರ ಎಲ್ಲವೂ ಇಳಿಮುಖ. ಮೂಳೆ ತಜ್ಞರ ಹತ್ತಿರ ಎಕ್ಸ್‌ರೇ ತೋರಿಸಿ ಮಿರೆಲ್ಸ್ ಸ್ಕೋರ್ (ಮೂಳೆ ಮುರಿಯುವ ಅಪಾಯದ ಅಂಕ) ಎಷ್ಟು ಎಂದು ಕೇಳಿ. ಜಾಗ, ನೋವು, ಮೂಳೆ ಕರಗಿದೆಯೋ ಗಟ್ಟಿಯಾಗಿದೆಯೋ, ಅಗಲದಲ್ಲಿ ಎಷ್ಟು ಪಾಲು ಹೋಗಿದೆ ಎಂಬ ನಾಲ್ಕಕ್ಕೆ ತಲಾ 1ರಿಂದ 3 ಅಂಕ. ತೊಡೆಸಂಧಿಯ ಹತ್ತಿರವಿದ್ದರೆ ಜಾಗಕ್ಕೇ 3. ಒಟ್ಟು 9 ಅಥವಾ ಹೆಚ್ಚಾದರೆ ಮುರಿಯುವ ಮೊದಲೇ ರಾಡ್ ಹಾಕುವುದು ಒಳ್ಳೆಯದು, ಆಮೇಲೆ ರೇಡಿಯೇಷನ್. ಕಾಲೂರಿದಾಗ ನೋವು ಜಾಸ್ತಿಯಾದರೆ ಅದೇ ದೊಡ್ಡ ಎಚ್ಚರಿಕೆ. ಅಲ್ಲಿಯವರೆಗೆ ವಾಕರ್ ಹಿಡಿದೇ ನಡೆಯಲಿ, ಕುಕ್ಕರುಗಾಲಲ್ಲಿ ಕೂರುವುದು ಬೇಡ, ಕಮೋಡ್ ಬಳಸಲಿ.

ನೋವಿಗೆ ಕೊಡುವ ಕರೆಂಟ್, ಅಂದರೆ ರೇಡಿಯೇಷನ್, ಐದು–ಹತ್ತು ದಿನ ಬೇಕೇಬೇಕು ಅಂತಿಲ್ಲ. ಮುರಿಯುವ ಭಯ ಇಲ್ಲದ ಕಡೆ ಒಂದೇ ಸಲ 8 ಗ್ರೇ (ರೇಡಿಯೇಷನ್ ಅಳತೆ) ಕೊಟ್ಟರೂ ನೋವು ಅಷ್ಟೇ ಇಳಿಯುತ್ತದೆ. ಮುಂದೆ ಮತ್ತೆ ಕೊಡಬೇಕಾಗುವ ಸಾಧ್ಯತೆ ಹೆಚ್ಚು, ಅಷ್ಟೆ. ಮೊದಲ ಎರಡು–ಮೂರು ದಿನ ನೋವು ಏರಬಹುದು, ಪೂರ್ತಿ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು.

ಬೆನ್ನುಮೂಳೆಯಲ್ಲೂ ಇರುವುದರಿಂದ ಇದನ್ನು ಮನೆಯವರೆಲ್ಲ ತಿಳಿದಿರಲಿ: ಮಲಗಿದಾಗ ಹೆಚ್ಚಾಗುವ ಬೆನ್ನುನೋವು, ಕಾಲಲ್ಲಿ ಬಲ ಕುಗ್ಗುವುದು, ಜೋಮು, ಮೂತ್ರ ಕಟ್ಟುವುದು. ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಅದೇ ದಿನ ಇಡೀ ಬೆನ್ನಿನ ಎಂಆರ್‌ಐ ಆಗಬೇಕು. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕರೆ ನಡಿಗೆ ಉಳಿಯುತ್ತದೆ. ಕಾಲು ಬಿದ್ದು ಹೋದ ಮೇಲೆ ಮರಳುವುದು ಕಷ್ಟ.

ಪ್ರಶ್ನೆ (ಇನ್ನೊಬ್ಬ ಸದಸ್ಯರು)
ನಮ್ಮ ಅತ್ತಿಗೆಗೂ ಇದೇ ಕಾಯಿಲೆ. ಜೋಲೆಡ್ರಾನಿಕ್ ಇಂಜೆಕ್ಷನ್ ಕೊಡ್ತಿದ್ದಾರೆ. ನೋವು ಕಡಿಮೆಯಾಗಿದೆ, ಆದ್ರೆ ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಹೊಸ ಚುಕ್ಕೆ ಬಂದಿದೆ ಅಂತ ರಿಪೋರ್ಟ್. ಔಷಧಿ ಫೇಲ್ ಆಯ್ತಾ ಸರ್?

ಉತ್ತರ: ಮೆಡಿಕಲ್ ಆಂಕಾಲಜಿಸ್ಟ್
ಹಾಗೆಂದು ಈಗಲೇ ತೀರ್ಮಾನಿಸಬೇಡಿ. ಕರಗಿದ ಮೂಳೆ ಗಟ್ಟಿಯಾಗುವಾಗ ಅಲ್ಲಿ ಹೊಸ ಮೂಳೆ ಕಟ್ಟುತ್ತದೆ. ಮೊದಲು ಕಾಣದಿದ್ದ ಜಾಗ ಬೋನ್ ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ, ಸಿಟಿಯಲ್ಲಿ ಬಿಳಿಯಾಗಿ ಕಾಣುತ್ತದೆ. ಸಿಎ 15-3 ಎಂಬ ರಕ್ತಪರೀಕ್ಷೆಯ ಅಂಕಿ ಕೂಡ ಮೊದಲ ನಾಲ್ಕಾರು ವಾರ ಏರಿ ಆಮೇಲೆ ಇಳಿಯುವುದುಂಟು. ನೋವು ತಗ್ಗಿ, ಹೊಸ ಅಂಗಕ್ಕೆ ಹೋಗದಿದ್ದರೆ ಅದೇ ಔಷಧಿ ಮುಂದುವರಿಸಿ ಎರಡು–ಮೂರು ತಿಂಗಳಲ್ಲಿ ಮತ್ತೆ ನೋಡುವುದು ವಾಡಿಕೆ. ಕೆಲಸ ಮಾಡುತ್ತಿರುವ ಔಷಧಿಯನ್ನು ರಿಪೋರ್ಟಿನ ಒಂದು ಸಾಲು ನೋಡಿ ಬದಲಿಸಿದರೆ ಒಂದು ಅಸ್ತ್ರ ಸುಮ್ಮನೆ ಹೋಯಿತು.

ಜೋಲೆಡ್ರಾನಿಕ್ ಆಯಸ್ಸು ಹೆಚ್ಚಿಸಲು ಕೊಡುವುದಲ್ಲ, ಮೂಳೆ ಮುರಿತ ತಪ್ಪಿಸಲು. 4 ಮಿಲಿಗ್ರಾಂ ಅನ್ನು ಕನಿಷ್ಠ 15 ನಿಮಿಷದ ಡ್ರಿಪ್‌ನಲ್ಲಿ ಕೊಡಬೇಕು. ತಿಂಗಳಿಗೊಮ್ಮೆ ಕೊಟ್ಟಷ್ಟೇ ಫಲ 12 ವಾರಕ್ಕೊಮ್ಮೆ ಕೊಟ್ಟಾಗಲೂ ಸಿಗುತ್ತದೆ. ಪ್ರತಿ ಸಲ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ನಡೆಯುತ್ತಿರಬೇಕು. ಹಲ್ಲು ಕೀಳಿಸುವುದಿದ್ದರೆ ಇಂಜೆಕ್ಷನ್ ಶುರುಮಾಡುವ ಮೊದಲೇ ಮುಗಿಸಿ; ಆಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ.

ಪ್ರಶ್ನೆ (ಮೊದಲಿನವರು)
ಚಿಕ್ಕಪ್ಪ, ಮಾವ ಎಲ್ಲ ಅಮ್ಮನಿಗೆ ಹೇಳಲೇಬಾರದು ಅಂತಿದ್ದಾರೆ. ಏನು ಮಾಡ್ಲಿ?

ಉತ್ತರ: ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ವೈದ್ಯೆ
ತೀರ್ಮಾನ ನಿಮ್ಮ ಚಿಕ್ಕಪ್ಪನದಲ್ಲ, ಅಮ್ಮನದು. "ಅಮ್ಮ, ಸ್ಕ್ಯಾನ್ ಬಗ್ಗೆ ಡಾಕ್ಟ್ರು ಹೇಳಿದ್ದನ್ನ ನಿನಗೆ ಎಷ್ಟು ತಿಳ್ಕೋಬೇಕು ಅನ್ಸುತ್ತೆ?" ಎಂದು ಒಬ್ಬರೇ ಇದ್ದಾಗ ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ. ಕೆಲವು ದಿನ ಕಳೆದು ಮತ್ತೆ ಕೇಳಿ. ಅಮ್ಮ ತಿಳಿಯಬೇಕು ಎಂದರೆ ಸಂಖ್ಯೆಯಿಂದ ಶುರುಮಾಡಬೇಡಿ: ಕಾಯಿಲೆ ಮೂಳೆಗೆ ಬಂದಿದೆ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹಿಡಿದಿಡಬಹುದು. ಮಾತ್ರೆ ಯಾಕೆ ಎಂದೇ ತಿಳಿಯದವರು ನೋವು ಇಳಿದ ಕೂಡಲೇ ನಿಲ್ಲಿಸಿಬಿಡುತ್ತಾರೆ, ಕಾಲು ಜೋಮು ಬಂದರೂ ಹೇಳುವುದಿಲ್ಲ.

ನೋವಿಗೆ ಮಾರ್ಫಿನ್ ಬರೆದರೆ ಕೊನೆಗಾಲ ಬಂತೆಂದು ತಿಳಿಯಬೇಡಿ. ವರ್ಷಗಟ್ಟಲೆ ಓಡಾಡಿಕೊಂಡಿರುವವರೂ ತೆಗೆದುಕೊಳ್ಳುತ್ತಾರೆ. ಜೊತೆಗೆ ಮಲಬದ್ಧತೆಗೆ ಔಷಧಿ ಮೊದಲ ದಿನದಿಂದಲೇ ಇರಲಿ. ಬಾಯಾರಿಕೆ, ವಾಂತಿ, ಮಂಪರು, ಅಸಂಬದ್ಧ ಮಾತು ಒಟ್ಟಿಗೆ ಬಂದರೆ ಮಾರ್ಫಿನ್ನನ್ನೇ ದೂರಬೇಡಿ, ರಕ್ತದ ಕ್ಯಾಲ್ಸಿಯಂ ಏರಿರಬಹುದು. ಅದೇ ದಿನ ಪರೀಕ್ಷೆ ಮಾಡಿಸಿ, ಡ್ರಿಪ್ ಮತ್ತು ಇಂಜೆಕ್ಷನ್‌ನಿಂದ ಇಳಿಸಬಹುದು. ಬೆಂಗಳೂರಲ್ಲಿದ್ದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆ ಸಿಗುತ್ತದೆ. ಕರುಣಾಶ್ರಯ ಎಂಬ ಆರೈಕೆ ಕೇಂದ್ರದವರು ಮುಂದುವರಿದ ಕಾಯಿಲೆ ಇರುವವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ, ಮನೆಗೂ ಬರುತ್ತಾರೆ.

ಇನ್ನೊಂದು. ಈಗ ಕೇಳಿದ ಲೆಕ್ಕವನ್ನು ಈ ಮಾತ್ರೆ ಕೆಲಸ ಮಾಡುವವರೆಗೆ ಮಾತ್ರ ಹಿಡಿದುಕೊಳ್ಳಿ. ಔಷಧಿ ಬದಲಿಸಬೇಕಾಗಿ ಬಂದಾಗಲೆಲ್ಲ ಆ ಮೂರು ಸಂಖ್ಯೆಗಳನ್ನು ಹೊಸದಾಗಿ ಕೇಳಿ.