ಬೀದಿದೀಪದ ಮೇಲೆ ಹಾಯ್ಕು: ಬರೆದವರು ಅನುಭವ ಹೇಳಿ

ಟೆರೇಸ್_ಹಕ್ಕಿ: ನಮ್ಮ ರಸ್ತೆಯ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ್ದಾರೆ. ಟೆರೇಸಿನಿಂದ ಕೃತ್ತಿಕೆ ಕಾಣುವುದು ನಿಂತಿದೆ. ಅದರ ಮೇಲೆ ಇಪ್ಪತ್ತು ಹಾಯ್ಕು (ಐದು-ಏಳು-ಐದರ ಲೆಕ್ಕದ ಮೂರು ಸಾಲಿನ ಜಪಾನಿ ಶೈಲಿಯ ಪದ್ಯ) ಬರೆದೆ. ಎಲ್ಲಾ ದೂರು ಅರ್ಜಿ ಥರ ಇವೆ. ಒಂದು ನೋಡಿ:

ಬೆಳಕು ಹೆಚ್ಚಿ
ನಕ್ಷತ್ರಗಳು ಸತ್ತು
ಅಯ್ಯೋ ನಗರ

ಕತ್ತಲಿರುವ ಊರಿಗೆ ಹೋಗಿ ಕೂತು ಬರೆಯಬೇಕಾ? ಇಲ್ಲೇ ಬರೆದರೆ ಆಗುತ್ತಾ?

ಖಾಲಿ_ಜೇಬು: ಹೋಗಬೇಡಿ. ನಾನು ಹೋಗಿದ್ದೆ, ಲಡಾಖಿನ ಹಾನ್ಲೆಗೆ. 2022ರಲ್ಲಿ ಅದನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಮಾಡಿದರಲ್ಲ, ಅಲ್ಲಿಗೇ. ವಿಮಾನ 18,400. ಟ್ಯಾಕ್ಸಿ ಪಾಲು 16,000. ಹೋಂಸ್ಟೇ ನಾಲ್ಕು ರಾತ್ರಿ 7,200. ಜಾಕೆಟ್ 4,650. ತಲೆಗೆ ಕಟ್ಟುವ ಕೆಂಪು ದೀಪ 1,150. ಒಟ್ಟು 47,400. ಹೋಂಸ್ಟೇಯವರು ಪಾಪ ಬೆಳಕು ಹೊರಗೆ ಹೋಗದಂತೆ ದಪ್ಪ ಪರದೆ ಎಳೆಯುತ್ತಾರೆ. ಹೊರಗೆ ಬಂದರೆ ನೆರಳು ಬೀಳುವಷ್ಟು ಬೆಳದಿಂಗಳು! ನಾನು ರಜೆ ನೋಡಿ ಟಿಕೆಟ್ ಮಾಡಿದ್ದೆ, ಪಂಚಾಂಗ ನೋಡಿರಲಿಲ್ಲ. ಫೋನಿನಲ್ಲಿ ಅತ್ತೆ ಕೇಳಿದರು, "ಇವತ್ತು ಹುಣ್ಣಿಮೆ ಅಲ್ವೇನಪ್ಪಾ?" ನಾಲ್ಕು ರಾತ್ರಿ, ಹಾಯ್ಕು ಸೊನ್ನೆ. ವಾಪಸ್ ಬಂದ ವಾರ ಅಡುಗೆಮನೆಯಲ್ಲಿ ಬಂತು:

ರಾತ್ರಿ ಎರಡು
ಸ್ಟೆಬಿಲೈಸರ್ ಹಸಿರು
ಲೋಟದ ನೀರು

ಮಾತ್ರಾಗಣ: ಎರಡನೇ ಸಾಲು ಎಂಟು ಅಕ್ಷರ, ಏಳಿರಬೇಕು.

ಖಾಲಿ_ಜೇಬು: ಏಳು. ಅರ್ಧ ರಕಾರ ಯಾರೂ ಎಣಿಸಲ್ಲ ಸ್ವಾಮಿ.

ಮಾತ್ರಾಗಣ: ಜಪಾನಿನವರು ಎಣಿಸುತ್ತಾರೆ. ಅವರ ಲೆಕ್ಕ ಅಕ್ಷರದ್ದಲ್ಲ, ನಮ್ಮ ಛಂದಸ್ಸಿನ ಮಾತ್ರೆಗೆ (ಲಘುವಿಗೆ ಒಂದು, ಗುರುವಿಗೆ ಎರಡು) ಹತ್ತಿರದ್ದು. ಟೋಕಿಯೋ ಅವರ ಬಾಯಲ್ಲಿ ನಾಲ್ಕು. ಮಾತ್ರೆಯಲ್ಲಿ ನಿಮ್ಮ ಸಾಲು ಒಂಬತ್ತಾಗುತ್ತೆ, ಹೋಗಲಿ ಬಿಡಿ. ನಾನು ಹಟ ಹಿಡಿದು ಐದು-ಏಳು-ಐದು ಮಾತ್ರೆಯಲ್ಲೇ ಬರೆದೆ. 'ಬೀದಿದೀಪ' ಅನ್ನುವ ಪದವೇ ಆರು ಮಾತ್ರೆ! ಮೊದಲ ಸಾಲಿಗೆ ಹಿಡಿಯಲ್ಲ. ಎಂಟು ತಿಂಗಳು ಅದನ್ನು ಚಿಕ್ಕದು ಮಾಡಲು ನೋಡಿ, ಕೊನೆಗೆ ದೀಪವನ್ನೇ ಬಿಟ್ಟೆ:

ಮಳೆ ನಿಂತು
ಕಂಬದಡಿಯಲಿ
ಬರಿ ರೆಕ್ಕೆ

ಪುಸ್ತಕ ಮಾಡಿಸಿದೆ. 300 ಪ್ರತಿ, 31,500 ರೂಪಾಯಿ. ಮೊದಲ ಸಲ ಮುಖಪುಟ ಕಪ್ಪಗೆ ಬಂದು ಹೆಸರೇ ಕಾಣಲಿಲ್ಲ. ಮತ್ತೆ 4,200 ದಂಡ. ಈಗ 212 ಪ್ರತಿ ಅಟ್ಟದ ಮೇಲಿವೆ. ಇನ್ನೊಂದು ಮಾತು. ಜಪಾನಿನ ಹಾಯ್ಕು ಕವಿ ಬಾಶೋ 1689ರ ಪ್ರವಾಸದಲ್ಲಿ ಅಲ್ಲಿನ ಸಾದೋ ದ್ವೀಪದ ಮೇಲೆ ಚಾಚಿದ ಆಕಾಶಗಂಗೆ ಬಗ್ಗೆ ಬರೆದ. ಸಂಪ್ರದಾಯದ ಹಾಯ್ಕುವಿನಲ್ಲಿ ಋತುವಿನ ಗುರುತು ಒಂದಿರುತ್ತೆ; ಅದರಲ್ಲಿ ಆ ಆಕಾಶಗಂಗೆಯೇ ಶರತ್ಕಾಲದ ಗುರುತು. ಸ್ಟೆಬಿಲೈಸರ್‌ಗೆ ಯಾವ ಋತು? ಋತು ಬೇಕಿಲ್ಲದ್ದು ಸೆನ್ರ್ಯು, ಅದೇ ಅಳತೆಯ, ಮನುಷ್ಯರ ಮೇಲಿನ ಚುಟುಕು ಪದ್ಯ; ನಿಮ್ಮದು ಅದು.

ಸೇವಂತಿಗೆ_ಸಾಲು: ದೀಪಕ್ಕೂ ಋತು ಇದೆ ಸರ್. ನಮ್ಮದು ಚಿಕ್ಕಬಳ್ಳಾಪುರ ಕಡೆ. ಸೇವಂತಿಗೆಗೆ ರಾತ್ರಿ ಉದ್ದವಾದರೆ ಮೊಗ್ಗು ಬರುತ್ತೆ. ಅದಕ್ಕೆ ಹೊಲದ ತುಂಬಾ ಬಲ್ಬು ಕಟ್ಟಿ ನಡುರಾತ್ರಿ ಬೆಳಕು ಕೊಟ್ಟು ತಡೆಯುತ್ತೇವೆ. ಗಿಡ ಎತ್ತರ ಆದ ಮೇಲೆ ಆರಿಸಿದರೆ ಹೂವು ಹಬ್ಬಕ್ಕೆ ಸರಿಯಾಗಿ ಸಿಗುತ್ತೆ. ಜಪಾನಿನಲ್ಲೂ ಹೀಗೇ ಬೆಳೆಯುತ್ತಾರೆ, ಅಲ್ಲೂ ಸೇವಂತಿಗೆ ಶರತ್ಕಾಲದ ಗುರುತೇ. ಮೂರು ವರ್ಷದ ಹಿಂದೆ ಆಯುಧಪೂಜೆಗೆ ಅಂತ ನಾಟಿ ಮಾಡಿದ್ದೆ. 420 ಬಲ್ಬು, ವೈರಿಗೇ 26,000. ಆಷಾಢದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಹನ್ನೊಂದು ರಾತ್ರಿ ಕತ್ತಲು. ಮೊಣಕಾಲುದ್ದ ಗಿಡದಲ್ಲೇ ಮೊಗ್ಗು ಬಂತು. ಹೂವು ಪಿತೃಪಕ್ಷದಲ್ಲಿ ಬಿರಿಯಿತು. ಆಗ ಯಾರು ಕೊಳ್ಳುತ್ತಾರೆ? ಕೆಜಿಗೆ 12 ರೂಪಾಯಿ ಕೇಳಿದರು, ಬಿಡಿಸೋ ಕೂಲಿಗೂ ಸಾಲದು. ರೋಟವೇಟರ್ ಹೊಡೆಸಿ ಗಿಡವನ್ನೆಲ್ಲ ಮಣ್ಣಿಗೆ ಸೇರಿಸಿಬಿಟ್ಟೆ.

ಮಾಲಯ ಪಕ್ಷ
ದೀಪವಾರಿದ ಹೊಲ
ಬಿರಿದ ಹೂವು

ಮಿಂಚುಹುಳ_ಸಾಗರ: ಕವಿತೆ ಚೆನ್ನಾಗಿದೆ, ಮಾಡುವ ಕೆಲಸ ಚೆನ್ನಾಗಿಲ್ಲ. ನಿಮ್ಮ 420 ಬಲ್ಬು ಎಷ್ಟು ದೂರ ಕಾಣುತ್ತೆ ಗೊತ್ತಾ? ಮಿಂಚುಹುಳದಲ್ಲಿ ಗಂಡು ಮಿಣುಕುತ್ತೆ, ಹೆಣ್ಣು ಉತ್ತರ ಕೊಡುತ್ತೆ. ಬೆಳಕಿದ್ದರೆ ಒಂದಕ್ಕೊಂದು ಕಾಣಲ್ಲ. ನಮ್ಮ ತೋಟದ ದಾರಿಗೆ ಹೊಸ ದೀಪ ಬಂದಾಗ ನಾನೇ 640 ಕೊಟ್ಟು ತಗಡಿನ ಟೋಪಿ ಮಾಡಿಸಿ ಹಾಕಿಸಿದೆ. ಬೆಳಕು ನೆಲಕ್ಕೆ ಮಾತ್ರ ಬೀಳಲಿ ಅಂತ. ಪಕ್ಕದವರು ಕಳ್ಳರು ಬರ್ತಾರೆ ಅಂತ ಕಿತ್ತು ಬಚ್ಚಲ ಒಲೆ ಮುಂದೆ ಇಟ್ಟುಕೊಂಡಿದ್ದಾರೆ.

ಗೇಟಿನ ದೀಪ
ಹುಳವೊಂದು ಮಿಣುಕಿ
ಉತ್ತರವಿಲ್ಲ

ಸೇವಂತಿಗೆ_ಸಾಲು: ನಾವು ಬೆಳಕು ಹಾಕುವುದು ತಿಂಗಳು, ಒಂದೂವರೆ ತಿಂಗಳು ಅಷ್ಟೇ. ನಿಮ್ಮ ಕಡೆ ಹೋಂಸ್ಟೇಗಳು ವರ್ಷವಿಡೀ ಅಡಿಕೆ ಮರಕ್ಕೆ ಸೀರಿಯಲ್ ಸೆಟ್ ಸುತ್ತಿವೆಯಲ್ಲ, ಅಲ್ಲಿ ಹೋಗಿ ಹೇಳಿ. ದೀಪಾವಳಿಗೆ ಹೂವು ಮಾತ್ರ ಎಲ್ಲರಿಗೂ ಬೇಕು.

ಧಾರವಾಡ_ಮಾಸ್ತರ: ಜಗಳ ಬ್ಯಾಡ್ರಿ ಅಕ್ಕಾರ. ನಮ್ಮ ಹೊಲದ ಬದುವಿಗೆ ಬೀದಿದೀಪ ಐತಿ. ಅದರ ಕೆಳಗಿನ ಸೋಯಾ ನಾಲ್ಕು ಸಾಲು ಹಣ್ಣ ಆಗಂಗಿಲ್ಲ, ಕೊಯ್ಲಿಗೆ ಬಂದ್ರೂ ಹಸಿರಾಗೇ ನಿಂತಿರ್ತದ. ಎರಡು ವರ್ಷ ಬೀಜ ಬದಲ ಮಾಡಿ ನೋಡೇನಿ, ಗೊಬ್ಬರ ಬದಲ ಮಾಡೇನಿ. ದೀಪದ್ದು ಅಂತ ತಿಳಿಯೂದ್ರಾಗ 9,000 ಹೋತು. ಹಾಯ್ಕು ಇನ್ನೂ ಬರದಿಲ್ಲ.

ಟೆರೇಸ್_ಹಕ್ಕಿ: ನಾನು ಕೇಳಿದ್ದು ಹೋಗಬೇಕಾ ಬೇಡ್ವಾ ಅಂತ...

ಮಾತ್ರಾಗಣ: ನಿಮ್ಮದರಲ್ಲಿ 'ಅಯ್ಯೋ' ತೆಗೆಯಿರಿ. ಮಿಕ್ಕಿದ್ದೂ ತೆಗೆಯಿರಿ.

ಖಾಲಿ_ಜೇಬು: 212 ಪ್ರತಿ ಉಳಿದಿರುವವರು ಇನ್ನೊಬ್ಬರಿಗೆ ಹೇಳಬಾರದು ಸ್ವಾಮಿ.

ಸೇವಂತಿಗೆ_ಸಾಲು: ಸರ್, ಆ ರೆಕ್ಕೆ ಹಾಯ್ಕು ನನಗೆ ಹಿಡಿಸಿತು. ಮಳೆ ಹುಳ ನಮ್ಮ ಬಲ್ಬಿನ ಕೆಳಗೂ ಹಾಗೇ ಬೀಳುತ್ತೆ, ಬೆಳಿಗ್ಗೆ ಕೋಳಿಗಳಿಗೆ ಹಬ್ಬ. ಪುಸ್ತಕ ಒಂದು ಕಳಿಸ್ತೀರಾ?

ಮಾತ್ರಾಗಣ: 150 ರೂಪಾಯಿ. ಅಂಚೆ ಖರ್ಚು ಬೇರೆ.