ಪದಚರ್ಚೆ: ‘ರಥ’ ಎಂದರೆ ಗಾಲಿಯೇ, ಗಾಲಿಯುಳ್ಳದ್ದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಲಿಥುವೇನಿಯನ್ (ಯುರೋಪಿನ ಲಿಥುವೇನಿಯಾ ದೇಶದ ಭಾಷೆ) ಮತ್ತು ಸಂಸ್ಕೃತದಲ್ಲಿ ಒಂದನ್ನೊಂದು ಹೋಲುವ ಜೋಡಿಪದಗಳ ಪಟ್ಟಿ ನಮ್ಮ ಬಳಗದಲ್ಲಿ ಮತ್ತೊಮ್ಮೆ ಬಂದಿದೆ. ಸೂನುಸ್–ಸೂನುಃ (ಮಗ), ಅವಿಸ್–ಅವಿಃ (ಕುರಿ), ದೂಮೈ–ಧೂಮಃ (ಹೊಗೆ), ಮೆದುಸ್–ಮಧು (ಜೇನು). ಈ ಜೋಡಿಗಳ ಬಗ್ಗೆ ನನಗೆ ತಕರಾರಿಲ್ಲ. ಅವುಗಳ ಕೆಳಗೆ ಬರೆದಿರುವ ‘ಲಿಥುವೇನಿಯನ್ ಸಂಸ್ಕೃತದ ಮಗಳು’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಏಕೆಂದು ಹೇಳಲು ಪಟ್ಟಿಯಲ್ಲಿಲ್ಲದ ಒಂದು ಪದವನ್ನು ತೆಗೆದುಕೊಳ್ಳುತ್ತೇನೆ. ನನ್ನ ಪ್ರಶ್ನೆಯೂ ಅದರ ಸುತ್ತಲೇ ಇದೆ.

ಆ ಪದ ‘ರಥ’. ಲಿಥುವೇನಿಯನ್ನಿನಲ್ಲಿ ಇದರ ಜ್ಞಾತಿಪದ (ಒಂದೇ ಮೂಲದಿಂದ ಬಂದ ಪದ) ‘ರತಸ್’, ಅರ್ಥ ಗಾಲಿ. ಬಹುವಚನದ ‘ರತೈ’ಗೆ ಗಾಲಿಗಳು ಎಂಬ ಅರ್ಥದ ಜೊತೆಗೆ ಬಂಡಿ ಎಂಬ ಅರ್ಥವೂ ಇದೆ. ನೆರೆಯ ಲಾಟ್ವಿಯನ್ನಿನಲ್ಲೂ ಹೀಗೆಯೇ: ‘ರತ್ಸ್’ ಗಾಲಿ, ಅದರ ಬಹುವಚನ ‘ರತಿ’ ಬಂಡಿ. ಲ್ಯಾಟಿನ್ನಿನ ‘ರೋತ’, ಜರ್ಮನ್ನಿನ ‘ರಾಟ್’, ಹಳೆಯ ಐರಿಷ್ಷಿನ ‘ರೊಥ್’ ಇವೂ ಗಾಲಿಯೇ. ವಾಹನ ಎಂಬ ಅರ್ಥ ನೆಲೆಯೂರಿರುವುದು ಸಂಸ್ಕೃತ ಮತ್ತು ಅವೆಸ್ತದ (ಪ್ರಾಚೀನ ಇರಾನಿನ ಧರ್ಮಗ್ರಂಥದ ಭಾಷೆಯ) ಕಡೆಯಲ್ಲಿ.

ಋಗ್ವೇದದ ಹೊತ್ತಿಗೆ ಈ ಬದಲಾವಣೆ ಪೂರ್ತಿಯಾಗಿ ಮುಗಿದಿತ್ತು. ಹತ್ತನೆಯ ಮಂಡಲದ 117ನೆಯ ಸೂಕ್ತದಲ್ಲಿ ಸಂಪತ್ತು ಒಬ್ಬರಿಂದ ಒಬ್ಬರಿಗೆ ರಥದ ಚಕ್ರಗಳಂತೆ ಉರುಳುತ್ತದೆ ಎಂಬ ಮಾತು ಬರುತ್ತದೆ. ಅಲ್ಲಿ ರಥ ಬೇರೆ, ಚಕ್ರ ಬೇರೆ. ಮುಂದೆ ಸಂಸ್ಕೃತ ಗಾಲಿಗೆ ‘ರಥಾಂಗ’ ಎಂಬ ಇನ್ನೊಂದು ಹೆಸರನ್ನೂ ಕಟ್ಟಿತು. ವಿಷ್ಣುವನ್ನು ‘ರಥಾಂಗಪಾಣಿ’ ಎಂದು ಕರೆಯುವುದು ಇದರಿಂದಲೇ. ಗಾಲಿಯಿಂದ ಹೆಸರು ಪಡೆದ ವಾಹನದಿಂದ ಗಾಲಿಯೇ ಹೆಸರು ಪಡೆಯುವಷ್ಟು ಹಳೆಯ ಅರ್ಥ ಮರೆತುಹೋಗಿತ್ತು! ಭಾರತದ ಕರ್ಣನ ರಥಚಕ್ರ ನೆಲದಲ್ಲಿ ಹೂತದ್ದನ್ನು ಓದುವಾಗ ನಮಗೂ ಆ ಸಮಾಸ ಪುನರುಕ್ತಿಯಂತೆ ಕೇಳಿಸುವುದಿಲ್ಲ.

ಗಾಲಿ ವಾಹನವಾದದ್ದು ಹೇಗೆ? ಎರಡು ವಿವರಣೆಗಳಿವೆ. ಒಂದು, ‘ಗಾಲಿಗಳು’ ಎನ್ನುತ್ತ ಎನ್ನುತ್ತ ಅದೇ ಬಂಡಿಯಾಯಿತು ಎಂಬುದು. ಲಿಥುವೇನಿಯನ್, ಲಾಟ್ವಿಯನ್ ಸೇರಿದ ಬಾಲ್ಟಿಕ್ ಭಾಷೆಗಳ ಬಹುವಚನಗಳಲ್ಲಿ ಈ ದಾರಿ ಕಣ್ಣೆದುರಿಗೇ ಇದೆ. ಇನ್ನೊಂದಕ್ಕೆ ಆಧಾರ ನಮ್ಮ ‘ಥ’ಕಾರ. ಸ್ವಿಸ್ ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸೋಸ್ಯೂರ್ ಅವರು 1878ರ ಕೊನೆಯಲ್ಲಿ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿ, ಮೂಲ ಇಂಡೋ-ಯುರೋಪಿಯನ್ನಿನಲ್ಲಿ (ಈ ಭಾಷೆಗಳೆಲ್ಲ ಹುಟ್ಟಿಬಂದ ಮೂಲಭಾಷೆಯಲ್ಲಿ) ಮುಂದೆ ಕಳೆದುಹೋದ ಕೆಲವು ಧ್ವನಿಗಳಿದ್ದಿರಬೇಕು ಎಂದು ತರ್ಕಿಸಿದ್ದರು. ಇವನ್ನೇ ಈಗ ಗಂಟಲ ಧ್ವನಿಗಳು ಎನ್ನುತ್ತಾರೆ. ಅಂಥ ಧ್ವನಿಯೊಂದು ‘ತ’ಕಾರದ ಪಕ್ಕದಲ್ಲಿ ಬಂದರೆ ಸಂಸ್ಕೃತದಲ್ಲಿ ‘ಥ’ ಆಗುತ್ತದೆ ಎಂದು 1891ರಲ್ಲಿ ತೋರಿಸಿದರು. 1915ರಲ್ಲಿ ಚೆಕ್ ವಿದ್ವಾಂಸ ಹ್ರೋಜ್ನಿ ಅವರು ಜೇಡಿಮಣ್ಣಿನ ಹಲಗೆಗಳ ಮೇಲೆ ಉಳಿದಿದ್ದ ಹಿಟ್ಟೈಟ್ ಭಾಷೆಯನ್ನು (ಇಂದಿನ ಟರ್ಕಿಯ ಪ್ರಾಚೀನ ಭಾಷೆ, ಇದೇ ಕುಟುಂಬದ್ದು) ಬಿಡಿಸಿದರು. 1927ರಲ್ಲಿ ಪೋಲಿಷ್ ಭಾಷಾವಿಜ್ಞಾನಿ ಕುರಿಲೋವಿಚ್ ಅವರು ಹಿಟ್ಟೈಟ್ ಪದಗಳಲ್ಲಿ ಸೋಸ್ಯೂರ್ ಹೇಳಿದ ಜಾಗದಲ್ಲೇ ಆ ಗಂಟಲ ಧ್ವನಿಯನ್ನು ಗುರುತಿಸಿದರು. ಬರಿಯ ತರ್ಕದಿಂದ ಹೇಳಿದ್ದು ಅರ್ಧ ಶತಮಾನದ ಬಳಿಕ ಜೇಡಿಮಣ್ಣಿನ ಹಲಗೆಯ ಮೇಲೆ ಸಿಕ್ಕಿತು. ಭಾಷಾಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪ್ರಸಂಗ ಇನ್ನೊಂದಿಲ್ಲ.

ಈ ಲೆಕ್ಕದಲ್ಲಿ ‘ರೋತ’ದ ಕೊನೆಯ ಅಕಾರವೂ ‘ರಥ’ದ ಮಹಾಪ್ರಾಣವೂ ಒಂದೇ ಗಂಟಲ ಧ್ವನಿಯ ಉಳಿಕೆಗಳು. ಮೊದಲು ಗಾಲಿ ಎಂಬ ಸ್ತ್ರೀಲಿಂಗ ಪದ. ಅದರಿಂದ ಹುಟ್ಟಿದ ‘ಗಾಲಿಯುಳ್ಳದ್ದು’ ಎಂಬ ವಿಶೇಷಣವೇ ರಥ. ನನ್ನ ಒಲವು ಈ ವಿವರಣೆಯ ಕಡೆಗೆ. ಲಿಥುವೇನಿಯನ್ನಿನಲ್ಲಿ ಮಹಾಪ್ರಾಣಗಳೇ ಉಳಿದಿಲ್ಲ (ಧೂಮ ಅಲ್ಲಿ ದೂಮೈ ಆದದ್ದನ್ನು ನೋಡಿ). ಆದ್ದರಿಂದ ಈ ಗುಟ್ಟು ‘ರತಸ್’ ಒಂದರಿಂದಲೇ ತಿಳಿಯುವಂತಿರಲಿಲ್ಲ. ಲಿಥುವೇನಿಯನ್ನಿನ ಮೊದಲ ಅಚ್ಚಾದ ಪುಸ್ತಕ ಬಂದದ್ದು 1547ರಲ್ಲಿ, ಋಗ್ವೇದಕ್ಕಿಂತ ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ. ಆದರೂ ಹಳೆಯ ಅರ್ಥ ಲಿಥುವೇನಿಯನ್ನಿನಲ್ಲಿದೆ, ಹಳೆಯ ಧ್ವನಿಯ ಗುರುತು ಸಂಸ್ಕೃತದಲ್ಲಿದೆ. ತಾಯಿಯಲ್ಲಿ ಇಲ್ಲದ ಅರ್ಥ ಮಗಳಿಗೆ ಎಲ್ಲಿಂದ ಬರಬೇಕು? ಇವರಿಬ್ಬರೂ ದೂರದ ಅಕ್ಕತಂಗಿಯರು.

ಹಾಗಾದರೆ ‘ಚಕ್ರ’ ಅಲ್ಲಿ ಏನಾಯಿತು? ಲಿಥುವೇನಿಯನ್ನಿನ ‘ಕಕ್ಲಸ್’ ಅದರ ಜ್ಞಾತಿ. ಅರ್ಥ ಕುತ್ತಿಗೆ, ಅಂದರೆ ತಿರುಗುವಂಥದ್ದು. ನಮ್ಮ ಚಕ್ರದ ‘ಚ’ ಮತ್ತು ‘ಕ’ ಒಂದು ಕಾಲಕ್ಕೆ ಒಂದೇ ವ್ಯಂಜನವಾಗಿದ್ದವು. ಮೊದಲನೆಯದರ ಮುಂದೆ ಎಕಾರವಿತ್ತು, ಅದು ವ್ಯಂಜನವನ್ನು ‘ಚ’ ಮಾಡಿ ತಾನು ಅಕಾರವಾಯಿತು. ಗ್ರೀಕ್‌ನ ‘ಕುಕ್ಲೊಸ್’ ಇದೇ ಪದ, ಅದರಿಂದ ಬಂದದ್ದು ನಾವು ತುಳಿಯುವ ಸೈಕಲ್. ಆ ಸೈಕಲ್ಲಿಗೆ ಲಿಥುವೇನಿಯನ್ನರು ‘ದ್ವಿರತಿಸ್’ ಎನ್ನುತ್ತಾರೆ: ದ್ವಿ ಮತ್ತು ರತ. ಮಧ್ಯ ಏಷ್ಯಾದ ತೊಖಾರಿಯನ್ನಿನಲ್ಲಂತೂ ಚಕ್ರದ ಜ್ಞಾತಿಯಾದ ‘ಕೊಕಲೆ’ಯೇ ರಥ ಎಂಬ ಅರ್ಥ ಪಡೆದಿದೆ. ಗಾಲಿಯ ಪದ ಬೇರೆಯಾದರೂ ಅರ್ಥ ಸಾಗಿದ ದಿಕ್ಕು ಅದೇ.

ಉಳಿದ ಜೋಡಿಗಳು ಸರಳ: ಅಕ್ಷ–ಅಶಿಸ್ (ಅಚ್ಚು), ಯುಗ–ಯುಂಗಸ್ (ನೊಗ). ವಾಹನದ ‘ವಹ್’ ಧಾತುವಿಗೆ ಅಲ್ಲಿ ‘ವೆಝ್ತಿ’, ಬಂಡಿಗೆ ‘ವೆಝಿಮಸ್’. ಕನ್ನಡದ ತೇರು, ಬಂಡಿ, ಗಾಲಿ, ನೊಗ ಇವುಗಳನ್ನು ದಯವಿಟ್ಟು ಈ ಪಟ್ಟಿಗೆ ಎಳೆಯಬೇಡಿ. ಅವುಗಳ ಬಳಗ ತಮಿಳಿನ ತೇರ್, ವಂಡಿ, ಕಾಲ್, ನುಗಂ.

ಈಗ ನನ್ನ ಪ್ರಶ್ನೆ. ಉತ್ತರ ಕರ್ನಾಟಕದಲ್ಲಿ ಎತ್ತಿನ ಬಂಡಿಗೆ ‘ಚಕ್ಕಡಿ’ ಎನ್ನುತ್ತಾರೆ. ಇದು ಸಂಸ್ಕೃತದ ‘ಶಕಟ’ದ ಕಡೆಯದೋ, ಪ್ರಾಕೃತದ ‘ಚಕ್ಕ’ದ ಕಡೆಯದೋ? ಎರಡನೆಯದಾದರೆ ಗಾಲಿಯಿಂದ ಬಂಡಿಗೆ ಹೋದ ಇನ್ನೊಂದು ಪದ ನಮ್ಮ ಹೊಲದಲ್ಲೇ ಸಿಕ್ಕಂತಾಗುತ್ತದೆ. ಶಾಸನದಲ್ಲೋ ಹಳೆಯ ಕಾವ್ಯದಲ್ಲೋ ಈ ಪದವನ್ನು ಕಂಡವರು ಅದರ ಅಂದಿನ ರೂಪವನ್ನು, ಸಾಧ್ಯವಾದರೆ ಸುತ್ತಲಿನ ಸಾಲನ್ನೂ ಬರೆದು ತಿಳಿಸಿ. ನಿಮ್ಮ ಊರಿನಲ್ಲಿ ಚಕ್ಕಡಿಗೂ ಬಂಡಿಗೂ ಗಾಲಿಯ ಅಳತೆಯಲ್ಲಿ ವ್ಯತ್ಯಾಸ ಮಾಡುತ್ತಾರೆಯೇ ಎಂಬುದೂ ತಿಳಿದರೆ ಒಳ್ಳೆಯದು.