ಕೋಳಿ ಎಲುಬಿನ ಸ್ಟಾಕ್ ಕಹಿಯಾಯ್ತು, ಬೆಳಿಗ್ಗೆಗೆ ಹುಳಿಯೂ ಆಯ್ತು. ಮಾಡಿ ಗೊತ್ತಿರುವವರು ಹೇಳಿ

ಬಿಸಿರೊಟ್ಟಿ, ಕೊಪ್ಪಳ

ಹೋದ ಭಾನುವಾರ ಅಣ್ಣ, ಅತ್ತಿಗೆ ಬಂದಿದ್ದರು. ಎರಡು ಕೆಜಿ ಕೋಳಿ ತಂದು ಅರ್ಧ ಕಬಾಬ್, ಅರ್ಧ ಸಾರು ಮಾಡಿದೆ. ಊಟ ಆದ ಮೇಲೆ ತಟ್ಟೆಯಲ್ಲಿ ಉಳಿದ ಎಲುಬು ನೋಡಿ, ವಿಡಿಯೋದಲ್ಲಿ ಎಲುಬು ಕುದಿಸಿ, ಸೋಸಿ ರಸ ತೆಗೆಯೋದು ತೋರಿಸ್ತಾರಲ್ಲ ಆ ಸ್ಟಾಕ್ ಮಾಡೋಣ ಅನ್ನಿಸಿತು. ಎಲುಬು, ಎರಡು ಲೀಟರ್ ನೀರು, ಕ್ಯಾಬೇಜಿನ ದಂಟು, ಮೆಂತ್ಯ ಸೊಪ್ಪಿನ ಕಡ್ಡಿ ಎಲ್ಲಾ ಕುಕ್ಕರಿಗೆ ಹಾಕಿ ಎಂಟು ಸೀಟಿ ಹೊಡೆಸಿದೆ. ಕೆಂಪಗೆ ಬಂತು, ಉಪ್ಪು, ಕಹಿ. ಚೆಲ್ಲೋಕೆ ಮನಸ್ಸಾಗದೆ ಮುಚ್ಚಳ ಹಾಕಿ ಕಟ್ಟೆ ಮೇಲೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮೇಲೆಲ್ಲ ಸಣ್ಣ ಗುಳ್ಳೆ, ಹುಳಿ ವಾಸನೆ. ಅತ್ತೆ ಒಂದು ಮಾತೂ ಆಡಲಿಲ್ಲ, ಆದರೆ ಆ ಕುಕ್ಕರನ್ನ ಹುಣಸೆಹಣ್ಣು ಹಾಕಿ ಎರಡೆರಡು ಸಲ ತಿಕ್ಕಿದರು. ಎಲ್ಲಿ ತಪ್ಪಿದೆ?

ಬಳ್ಳಾರಿ ಬಿಸಿಲು

ತಂಗಿ, ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಆ ವಿಡಿಯೋದವರ ಮನೆಯಲ್ಲಿ ಉಳಿಯೋದೇ ಬೇರೆ, ನಮ್ಮ ಮನೆಯಲ್ಲಿ ಉಳಿಯೋದೇ ಬೇರೆ. ಅವರು ಇಡೀ ಕೋಳಿಗೆ ಉಪ್ಪು, ಮೆಣಸು ಸವರಿ ಓವನ್ನಿನಲ್ಲಿ ಬೇಯಿಸಿ, ಮಾಂಸ ಕೊಯ್ದುಕೊಂಡು, ಗೂಡಿನ ಹಾಗೆ ಉಳಿದ ಎಲುಬನ್ನ ನೀರಿಗೆ ಹಾಕುತ್ತಾರೆ. ನಾವು ಎಲುಬಿನ ಸಮೇತ ತುಂಡು ಮಾಡಿ, ಖಾರ, ಒಣಕೊಬ್ಬರಿ, ಗಸಗಸೆ ಎಲ್ಲಾ ಹಾಕಿ ಸಾರು ಮಾಡುತ್ತೇವೆ. ಆ ಎಲುಬು ತನ್ನ ರಸವನ್ನ ಆಗಲೇ ಸಾರಿಗೆ ಕೊಟ್ಟು ಆಗಿರುತ್ತದೆ. ಮತ್ತೆ ಕುದಿಸಿದರೆ ಸಿಗೋದು ಮಸಾಲೆ ತೊಳೆದ ನೀರು. ಮೇಲಾಗಿ ಎಂಜಲು, ಅಲ್ವಾ.

ಹಾಗಾಗಿ ನಾನು ಎಲುಬನ್ನ ಅಡುಗೆಗೆ ಮೊದಲೇ ಎತ್ತಿಡುತ್ತೇನೆ. ಕಬಾಬ್‌ಗೆ ಮಾಂಸ ಬಿಡಿಸಿದಾಗ ಉಳಿಯುವ ಬೆನ್ನೆಲುಬು, ಕತ್ತು, ರೆಕ್ಕೆಯ ತುದಿ, ಎಲ್ಲಾ ಒಂದು ಹಳೆ ಐಸ್‌ಕ್ರೀಮ್ ಡಬ್ಬಿಗೆ, ಡಬ್ಬಿ ಫ್ರೀಜರಿಗೆ. ಎರಡು ಮೂರು ಭಾನುವಾರಕ್ಕೆ ಒಂದು ಕೆಜಿ ಆಗುತ್ತದೆ. ಹೋಟೆಲಿನಿಂದ ತಂದೂರಿ ತಂದಾಗ ಮಾಂಸವನ್ನ ಮೊದಲೇ ಬಿಡಿಸಿ ಬಡಿಸಿದರೆ ಆ ಎಲುಬೂ ನಡೆಯುತ್ತದೆ, ಆದರೆ ಮೇಲಿನ ಕೆಂಪು ಮಸಾಲೆ ಕೆರೆದು ಹಾಕಬೇಕು, ಮತ್ತೆ ಅದು ಹಸಿ ಎಲುಬಿನ ಜೊತೆ ಸೇರಲಿ, ಬರೀ ಅದೊಂದರಿಂದಲೇ ಆಗಲ್ಲ.

ಮಾಡೋದು ಸುಲಭ. ಒಂದು ಕೆಜಿ ಎಲುಬಿಗೆ ಎರಡು ಲೀಟರ್ ತಣ್ಣೀರು. ಬಿಸಿನೀರು ಹಾಕಬೇಡ, ತಣ್ಣೀರಿನಿಂದ ನಿಧಾನಕ್ಕೆ ಕಾಯಬೇಕು. ಕಾಯುತ್ತಿದ್ದ ಹಾಗೆ ಬೂದು ಬಣ್ಣದ ನೊರೆ ಮೇಲೆ ಬಂದು ಪಾತ್ರೆಯ ಅಂಚಿಗೆ ಸೇರುತ್ತದೆ, ಥೇಟ್ ಬೆಲ್ಲದ ಪಾಕದಲ್ಲಿ ಕೊಳೆ ಏಳುತ್ತದಲ್ಲ ಹಾಗೆ. ಹತ್ತು ನಿಮಿಷ ಅಲ್ಲೇ ನಿಂತು ಸೌಟಿನಲ್ಲಿ ತೆಗಿ, ಒಂದು ಬಟ್ಟಲಿನಲ್ಲಿ ನೀರಿಟ್ಟುಕೊಂಡು ಸೌಟು ಅದ್ದಿ ಅದ್ದಿ ತೆಗಿ. ಆಮೇಲೆ ಉರಿ ಪೂರ್ತಿ ಸಣ್ಣ. ಒಂದೊಂದೇ ಗುಳ್ಳೆ ಏಳಬೇಕು. ಕೊತಕೊತ ಕುದಿಸಿದರೆ ಕೊಬ್ಬು ನೀರಿಗೆ ಕಲಸಿಕೊಂಡು ಕಲಗಚ್ಚಿನ ಹಾಗೆ ಆಗುತ್ತದೆ. ಎರಡೂವರೆ, ಮೂರು ತಾಸು. ಉಳ್ಳಾಗಡ್ಡಿ, ಗಜ್ಜರಿ, ಎರಡು ಎಸಳು ಬೆಳ್ಳುಳ್ಳಿ, ಕೊತ್ತಂಬರಿ ದಂಟು, ಹತ್ತು ಕಾಳು ಮೆಣಸು ಕೊನೆಯ ಒಂದು ತಾಸು ಇದ್ದಾಗ ಹಾಕಿದರೆ ಸಾಕು. ಕ್ಯಾಬೇಜು, ಮೆಂತ್ಯ ಬೇಡವೇ ಬೇಡ, ನಿನ್ನ ಕಹಿ ಅಲ್ಲಿಂದಲೇ ಬಂದಿದ್ದು. ಉಪ್ಪೂ ಹಾಕಬೇಡ. ಮುಂದೆ ಯಾವುದಕ್ಕೆ ಬಳಸುತ್ತೀಯೋ ಅಲ್ಲಿ ಹಾಕಿಕೊಂಡರಾಯ್ತು.

ಅಂಗಡಿ ಚೀಲ, ಸಿಂಧನೂರು

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೋನ್‌ಲೆಸ್ ಕೇಳಿದಾಗ ಬಹಳ ಅಂಗಡಿಯವರು ಕೋಳಿಯನ್ನ ಮೊದಲು ತೂಗಿ ಆಮೇಲೆ ಬಿಡಿಸುತ್ತಾರೆ. ಅಂದರೆ ಎಲುಬಿಗೂ ನೀವು ದುಡ್ಡು ಕೊಟ್ಟಿದ್ದೀರಿ, ಬಿಟ್ಟು ಬರಬೇಡಿ. ಕೋಳಿ ಕಾಲು ಕೇಳಿ ನೋಡಿ, ನನಗೆ ಒಂದು ಚೀಲ ಸುಮ್ನೆ ಕೊಡುತ್ತಾರೆ. ಮನೆಗೆ ತಂದು ಕುದಿಯೋ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಹಳದಿ ಚರ್ಮ ಕಾಲುಚೀಲ ಬಿಚ್ಚಿದ ಹಾಗೆ ಬರುತ್ತದೆ. ಉಗುರು ಕತ್ತರಿಸಿ ಹಾಕಿ. ಸ್ಟಾಕ್ ಫ್ರಿಜ್ಜಿನಲ್ಲಿ ಹೆಪ್ಪು ಕಟ್ಟುವುದು ಈ ಕಾಲು, ಕತ್ತು, ಚರ್ಮದಲ್ಲಿರುವ ಅಂಟಿನಿಂದ. ಬರೀ ಎದೆ ಎಲುಬು ಹಾಕಿದರೆ ನೀರು ನೀರೇ.

ಮೂರು ತಾಸು ಗ್ಯಾಸ್ ಉರಿಸೋದು ಮಾತ್ರ ನನಗೆ ಒಪ್ಪಿಗೆ ಇಲ್ಲ ಅಕ್ಕಾ. ಕುಕ್ಕರಿನಲ್ಲಿ ನೊರೆ ತೆಗೆದು ಮುಚ್ಚಿ, ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತುಂಬಬಾರದು. ಗಾಳಿ ತಾನಾಗೇ ಇಳಿಯಲಿ, ಸೀಟಿ ಎತ್ತಿ ಬಿಟ್ಟರೆ ಒಳಗೆ ಒಮ್ಮೆಲೇ ಉಕ್ಕಿ ಎಲ್ಲಾ ಕಲಕುತ್ತದೆ.

ಬಳ್ಳಾರಿ ಬಿಸಿಲು

ಆಯ್ತಪ್ಪ, ಕುಕ್ಕರಿನಲ್ಲೂ ಆಗುತ್ತದೆ. ನನಗೆ ಆ ಮೂರು ತಾಸಿನ ವಾಸನೆ ಬೇಕು, ಅಷ್ಟೇ.

ಸವಳು ನೀರು, ರಾಯಚೂರು

ಯಾರೂ ನೀರಿನ ಮಾತು ಎತ್ತಲಿಲ್ಲವಲ್ಲ. ನಮ್ಮ ಓಣಿಯ ಬೋರಿನ ನೀರು ಸವಳು. ಅದರಲ್ಲಿ ಎರಡು ಲೀಟರ್ ಇಟ್ಟು ಅರ್ಧ ಲೀಟರಿಗೆ ಇಳಿಸಿದರೆ ನೀರಿನ ಉಪ್ಪು ನಾಲ್ಕು ಪಟ್ಟು ಗಟ್ಟಿಯಾಗುತ್ತದೆ. ನಾನು ಉಪ್ಪೇ ಹಾಕದೆ ಮಾಡಿದ ಸ್ಟಾಕ್ ಉಪ್ಪಾದಾಗ ಮನೆಯವರ ಜೊತೆ ಜಗಳವೇ ಆಗಿತ್ತು, ನೀನೇ ಹಾಕಿದ್ದೀಯ, ನೀನೇ ಹಾಕಿದ್ದೀಯ ಅಂತ. ಈಗ ಕುಡಿಯೋ ಕ್ಯಾನಿನ ನೀರೇ ಹಾಕುತ್ತೇನೆ.

ಇನ್ನು ಹುಳಿಯಾಗಿದ್ದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮವು. ಮಳೆಗಾಲದಲ್ಲೂ ಅಡುಗೆಮನೆ ರಾತ್ರಿಯೆಲ್ಲ ಬೆಚ್ಚಗೇ ಇರುತ್ತದೆ. ದೊಡ್ಡ ಪಾತ್ರೆ ಮುಚ್ಚಿಟ್ಟರೆ ಒಳಗಿನ ಬಿಸಿ ಹೋಗಲ್ಲ, ಮೊಸರಿಗೆ ಹೆಪ್ಪು ಹಾಕಿದ ಹಾಗೇ. ಸೋಸಿದ ಕೂಡಲೇ ಸಣ್ಣ ಸ್ಟೀಲ್ ಡಬ್ಬಿಗಳಿಗೆ ಸುರಿದು, ಪರಾತದಲ್ಲಿ ತಣ್ಣೀರು, ಐಸ್ ಹಾಕಿ ಅದರಲ್ಲಿ ಕೂರಿಸಿ. ನಡುವೆ ಒಮ್ಮೆ ನೀರು ಬದಲಿಸಿ. ಎರಡು ತಾಸಿನೊಳಗೆ ಫ್ರಿಜ್ಜಿಗೆ ಹೋಗಬೇಕು, ಬೇಸಿಗೆಯಲ್ಲಾದರೆ ಒಂದೇ ತಾಸು. ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ತೆಗೆದಾಗ ಚೆನ್ನಾಗಿ ಕುದಿಸಿ. ಹುಳಿಯಾಗಿದ್ದನ್ನ ಮತ್ತೆ ಕುದಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕ್ರಿಮಿ ಸತ್ತರೂ ಅವು ಬಿಟ್ಟ ಕೆಲವು ವಿಷ ಕುದಿತಕ್ಕೆ ಜಗ್ಗುವುದಿಲ್ಲ. ಕರೆಂಟ್ ಹೋಗಿ ಫ್ರೀಜರಿನಲ್ಲಿ ಪೂರ್ತಿ ಕರಗಿ ಬೆಚ್ಚಗಾಗಿದ್ದರೂ ಚೆಲ್ಲಿಬಿಡಿ.

ಬೆಂದ ಎಲುಬನ್ನ ಓಣಿ ನಾಯಿಗೆ ಹಾಕಬೇಡಿ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಭತ್ತದ ಗದ್ದೆ, ಗಂಗಾವತಿ

ಮಾಡಿದ್ದನ್ನ ಏನು ಮಾಡುತ್ತೀರಿ ಅಂತ ಯಾರೂ ಹೇಳಲಿಲ್ಲ! ನಾವು ಸೋನಾ ಮಸೂರಿ ಕುಷ್ಕಾಗೆ ನೀರಿನ ಬದಲು ಇದನ್ನೇ ಹಾಕುತ್ತೇವೆ. ಹೊಸ ಅಕ್ಕಿಯಾದರೆ ಸ್ವಲ್ಪ ಕಡಿಮೆ ಹಾಕಿ, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಮೇಲೆ ಹೆಪ್ಪುಗಟ್ಟಿದ ಹಳದಿ ಕೊಬ್ಬು ಚೆಲ್ಲಬೇಡಿ, ಉಳ್ಳಾಗಡ್ಡಿ ಹುರಿಯೋಕೆ ಎಣ್ಣೆಯ ಬದಲು ಅದೇ. ಜ್ವರ ಬಂದವರಿಗೆ ಜೋಳದ ನುಚ್ಚನ್ನ ಸ್ಟಾಕಿನಲ್ಲಿ ತೆಳ್ಳಗೆ ಬೇಯಿಸಿ, ಮೆಣಸಿನಪುಡಿ ಬೇಡ, ಕಾಳುಮೆಣಸು ಕುಟ್ಟಿ ಹಾಕಿ ಕೊಡಿ. ನನ್ನ ಮಗ ಜ್ವರ ಬಿಟ್ಟ ಮೇಲೂ ಎರಡು ದಿನ ಜ್ವರ ಇದೆ ಅಂದ.

ಬಿಸಿರೊಟ್ಟಿ, ಕೊಪ್ಪಳ

ಎಲ್ಲರಿಗೂ ಥ್ಯಾಂಕ್ಸ್ ರೀ. ಈ ಭಾನುವಾರ ಮತ್ತೆ ಮಾಡಿದೆ. ಬೆನ್ನೆಲುಬು, ಕತ್ತು, ಎಂಟು ಕೋಳಿ ಕಾಲು, ಕ್ಯಾನ್ ನೀರು. ಕುಕ್ಕರಿನಲ್ಲೇ ಮಾಡಿದೆ, ಬಳ್ಳಾರಿ ಅಕ್ಕ ಬೈಯಬಾರದು. ನೊರೆ ನೀವು ಹೇಳಿದ್ದಕ್ಕಿಂತ ಜಾಸ್ತಿ ಬಂತು, ಒಂದು ಬಟ್ಟಲು ತುಂಬಿತು. ಬೆಳಿಗ್ಗೆ ಫ್ರಿಜ್ಜಿನಿಂದ ಡಬ್ಬಿ ತೆಗೆದು ಓರೆ ಮಾಡಿದರೆ ಚೆಲ್ಲಲಿಲ್ಲ, ಒಟ್ಟಿಗೇ ನಡುಗಿತು. ಅತ್ತೆಗೆ ತೋರಿಸಿದೆ. ಬೆರಳಿನಿಂದ ಒತ್ತಿ ನೋಡಿ, "ಇದೇನವ್ವ, ನಮ್ಮ ಕಾಲಿನ ಸೂಪು ಆರಿದಾಗ ಹಿಂಗ ಆಗ್ತದಲ್ಲ" ಅಂದರು. ಆಡಿನ ಕಾಲಿನ ಸೂಪನ್ನ ಅವರು ನಲವತ್ತು ವರ್ಷದಿಂದ ಮಾಡುತ್ತಿದ್ದಾರೆ. ಮನೆಯಲ್ಲೇ ಕೇಳಿದ್ದರೆ ಆಗುತ್ತಿತ್ತು!

ಇನ್ನೊಂದು ಪ್ರಶ್ನೆ. ಮೂರು ಡಬ್ಬಿ ಫ್ರೀಜರಿನಲ್ಲಿ ಉಳಿದಿದೆ, ಮುಂದಿನ ವಾರ ಶ್ರಾವಣ ಶುರು. ನಮ್ಮ ಮನೆಯಲ್ಲಿ ಆ ತಿಂಗಳು ಫ್ರೀಜರಿನಲ್ಲೂ ಇಡೋ ಹಾಗಿಲ್ಲ.

ಅಂಗಡಿ ಚೀಲ, ಸಿಂಧನೂರು

ಹಾಗಾದರೆ ಶನಿವಾರದೊಳಗೆ ಎರಡು ಸಲ ಕುಷ್ಕಾ, ಒಂದು ಸಲ ನುಚ್ಚು. ಅಣ್ಣ, ಅತ್ತಿಗೆಯನ್ನ ಮತ್ತೆ ಕರೆಯಿರಿ.